ನೊಣಾ ಅಜ್ಜಿ

"ಅಜ್ಜಿ," ಎಂದಿತು ಅಡುಗೆಮನೆಯಿಂದ ಯಾವುದೋ ಗಂಡಸಿನ ದನಿ.

"ಏನಪಾ," ಎನ್ನುತ್ತ ವಿಜಯಮ್ಮ ಸೆರಗಿಗೆ ಕೈಯೊರೆಸಿಕೊಂಡು ಎದ್ದು ಬಂದರು.

ಕರೆದವನು ಅವರತ್ತ ತಿರುಗಿಯೂ ನೋಡಲಿಲ್ಲ. ಏಣಿಯ ಮೇಲೆ ನಿಂತು ಒಲೆಯ ನೇರಕ್ಕೆ ದೀಪ ಕಟ್ಟುತ್ತಿದ್ದವನು ಕೆಳಗಿದ್ದವನಿಗೆ ಏನೋ ಹೇಳಿ ನಕ್ಕ. ವಿಜಯಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ತಮ್ಮನ್ನಲ್ಲವೆಂದು ತಿಳಿದು, ಊಟದ ಮೇಜಿನ ಬಳಿಯ ಕುರ್ಚಿಗೆ ಮರಳಿದರು. ಕೂತು ಕಾಲು ಮಡಚಿಕೊಳ್ಳುವಷ್ಟರಲ್ಲಿ ಕ್ಯಾಮೆರಾ ಹಿಡಿದ ಹುಡುಗಿ ಪಕ್ಕದವಳಿಗೆ "ನೊನ್ನಾ ಅಜ್ಜಿ" ಎಂದಳು. ವಿಜಯಮ್ಮ ಮತ್ತೆ "ಏನವಾ" ಎಂದರು.

ಬೆಳಗಿನಿಂದ ಇದೇ ನಡೆದಿತ್ತು. ಅಮೆರಿಕದ ಸಿಯಾಟಲ್ ಬಳಿಯ ಇಸ್ಸಾಕ್ವಾದ ಗುಡ್ಡದ ಮೇಲಿನ ಆ ಮನೆಗೆ ಟೀವಿಯವರು ಬಂದಿಳಿದಿದ್ದರು. ಬಾಗಿಲಿಂದ ಒಲೆಯವರೆಗೆ ಹಾವಿನ ಹಾಗೆ ವೈರು ಹರಿದಿದ್ದವು. ಗದಗಿನಿಂದ ಬಂದು ಇನ್ನೂ ತಿಂಗಳು ತುಂಬದ ವಿಜಯಮ್ಮನಿಗೆ ಇಂಗ್ಲಿಷು ಬಾರದು. ಆದರೆ ಮೊಮ್ಮಗಳು ಅಕ್ಷಯಾ ದಿನಕ್ಕೆ ನೂರು ಸಲ ಕರೆಯುವ ಆ ಒಂದು ಶಬ್ದ ಯಾರ ಬಾಯಿಂದ ಬಂದರೂ ಕಿವಿ ಬಿಟ್ಟುಕೊಡುತ್ತದೆಯೇ? ಕರೆದವರಿಗೆ ಓಗೊಡದೆ ಕೂತು ಅವರಿಗೆ ಅಭ್ಯಾಸವೂ ಇರಲಿಲ್ಲ.

ಕೊನೆಗೆ ಮಗ ಹತ್ತಿರ ಬಂದಾಗ ಕೇಳಿಯೇಬಿಟ್ಟರು. "ಚಂದ್ರು, ಇವರೆಲ್ಲಾ ನನ್ನ ಯಾಕ ಕರಿಯಾಕತ್ತಾರೋ? ಕರೀತಾರ, ಎದ್ದ ಬಂದ್ರ ಮಾತಾಡಂಗಿಲ್ಲ. ಅದೂ ನೊಣಾ ಅಜ್ಜಿ ಅಂತಾರ. ಎಲ್ಲೈತಿ ನೊಣಾ ಈ ಮನ್ಯಾಗ? ನಾ ಬಂದಾಗಿಂದ ಒಂದೂ ಕಂಡಿಲ್ಲ."

"ನಿನಗಲ್ಲವ್ವಾ. ಅದು ಅವರ ಭಾಷಾ," ಎಂದ ಮಗ.

ಎಂದನೇ ಹೊರತು ತಾಯಿಯ ಮುಖ ನೋಡಲಿಲ್ಲ. ಪಾತ್ರೆ ಒರೆಸುತ್ತಿದ್ದ ಹೆಂಡತಿ ಜಾನಕಿ ಮಾತ್ರ ಅವನ ಮುಖವನ್ನೇ ನೋಡಿದಳು. ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ಅವಳಿಗೆ ಮಾತು ಕೊಟ್ಟಿದ್ದ. "ನೋಡು, ಇವತ್ತು ಆ ಟೀವಿಯ ಮೆಗನ್‌ಗೆ ಹೇಳ್ಬಿಡ್ತೀನಿ. ಅವ್ವ ಇಲ್ಲೇ ಇರುವಾಗ ಹೇಳ್ದೆ ಇದ್ರೆ ಇನ್ನು ಯಾವತ್ತೂ ಹೇಳಕ್ಕಾಗಲ್ಲ." ಮೈಸೂರಿನ ಜಾನಕಿ ಹೆಚ್ಚು ಮಾತಿನವಳಲ್ಲ. "ಹೇಳಿ ಮತ್ತೆ," ಎಂದಷ್ಟೇ ಅಂದು ಮಸಾಲೆ ಡಬ್ಬಿಯನ್ನು ಗ್ಯಾರೇಜಿಗೆ ಸಾಗಿಸಿದ್ದಳು. ಕುಕ್ಕರು, ಲಟ್ಟಣಿಗೆ, ಗೋಡೆಯ ಬಸವಣ್ಣ ಎಲ್ಲ ಹಿಂದಿನ ದಿನವೇ ಗ್ಯಾರೇಜು ಸೇರಿದ್ದವು. ಎರಡು ದಿನದಿಂದ ಮನೆಯಲ್ಲಿ ಒಗ್ಗರಣೆ ಇರಲಿಲ್ಲ. ವಾಸನೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ನಿಜ. ಆದರೆ ಕ್ಯಾಮೆರಾ ಹಿಡಿದವರಿಗೆ ಮೂಗಿರುತ್ತದಲ್ಲ.

ಹೇಳಬೇಕಾಗಿದ್ದ ವಿಷಯ ಇಷ್ಟೇ: ಚಂದ್ರಮೌಳಿ ಇಟಲಿಯವನಲ್ಲ.

ಅವನೇನೂ ತಾನು ಇಟಲಿಯವನೆಂದು ಯಾರಿಗೂ ಹೇಳಿರಲಿಲ್ಲ. ಮಣ್ಣಿನ ವಿಜ್ಞಾನ ಓದಲೆಂದು ಸಿಯಾಟಲ್‌ಗೆ ಬಂದವನು ಖರ್ಚಿಗಾಗಿ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಒಂದು ಪುಟ್ಟ ಇಟಾಲಿಯನ್ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದ್ದ. ಯಜಮಾನ ಸಾಲ್ವತೋರೆ ಇಟಲಿಯ ದಕ್ಷಿಣದ ತುದಿಯವನು, ಮುಂಗೋಪಿ. ಅವನು ರವೆಯ ಹಿಟ್ಟನ್ನು ಚೂರು ಮಾಡಿ, ಹೆಬ್ಬೆರಳಿನಿಂದ ಹಲಗೆಯ ಮೇಲೆ ಎಳೆದು ಪಾಸ್ತಾ ಮಾಡುವುದನ್ನು ಮೊದಲ ಸಲ ನೋಡಿದಾಗ ಮೌಳಿಗೆ ಗದಗಿನ ಪಡಸಾಲೆ ಕಣ್ಣಿಗೆ ಕಟ್ಟಿತು. ಓಣಿಯಲ್ಲಿ ಯಾರದಾದರೂ ಮದುವೆ ಗೊತ್ತಾದರೆ ಸಾಕು, ಹೆಂಗಸರೆಲ್ಲ ಅಲ್ಲಿ ಸೇರಿ ಚಿರೋಟಿ ರವೆ ನಾದಿ, ಬೆರಳ ತುದಿಯಲ್ಲಿ ಹೊಸೆದು, ಪಾಯಸಕ್ಕೆ ಗೌಲಿ ಮಾಡುತ್ತಿದ್ದರು. ನಡುವೆ ಅವನ ಅಜ್ಜಿ. ಅಜ್ಜಿಯ ತೊಡೆಗೆ ಆತುಕೊಂಡು ಕೂತು ಮೌಳಿಯೂ ಹೊಸೆದಿದ್ದ. ಆ ದಿನ ಸಾಲ್ವತೋರೆಯ ಹಲಗೆಯ ಮುಂದೆ ಅವನ ಕೈ ಸುಮ್ಮನಿರಲಿಲ್ಲ. ಮುದುಕ ನೋಡಿದ, ಬೈಯಲಿಲ್ಲ, ಮರುದಿನದಿಂದ ಪಾತ್ರೆ ತೊಳೆಯುವುದು ಬೇಡವೆಂದ. ಮಣ್ಣಿನ ವಿಜ್ಞಾನ ಅಲ್ಲಿಗೆ ಮುಗಿಯಿತು. ಊರಿನಲ್ಲಿ ಅಪ್ಪ ವೀರಣ್ಣ ಮೇಷ್ಟ್ರು ಮಗನ ಜೊತೆ ಮಾತು ಬಿಟ್ಟರು.

ಮುಂದೆ ಸಾಲ್ವತೋರೆಗೆ ಕೈಲಾಗದೆ ಅಡುಗೆಮನೆಯೆಲ್ಲ ಮೌಳಿಯದೇ ಆದಾಗ, ಪತ್ರಿಕೆಯ ಹೆಣ್ಣುಮಗಳೊಬ್ಬಳು ಊಟ ಮಾಡಿ ಮೆಚ್ಚಿ, "ಇದನ್ನು ಯಾರು ಕಲಿಸಿದರು?" ಎಂದು ಕೇಳಿದಳು.

"ಅಜ್ಜಿ," ಎಂದಿದ್ದ ಮೌಳಿ. ಅದು ಅಪ್ಪಟ ಸತ್ಯ.

ಹೇಗೆ ಬರೆಯುವುದು ಎಂದು ಅವಳು ಕೇಳಿದಾಗ, ಗಲ್ಲೆಯ ಮೇಲೆ ಕೂತಿದ್ದ ಸಾಲ್ವತೋರೆ ತನ್ನ ಭಾಷೆಯಲ್ಲಿ ಆ ಸದ್ದನ್ನು ಹೇಗೆ ಬರೆಯುತ್ತಾರೋ ಹಾಗೆ ಅಕ್ಷರ ಬಿಡಿಸಿ ಹೇಳಿದ: ಎ, ಎರಡು ಜಿ, ಒಂದು ಐ. ವಾರದ ಪತ್ರಿಕೆಯಲ್ಲಿ 'ನೊನ್ನಾ ಅಜ್ಜಿಯ ಮೊಮ್ಮಗ ಮೌಲಿ' ಎಂದು ಬಂತು. ನೊನ್ನಾ ಅಂದರೆ ಇಟಲಿಯಲ್ಲಿ ಅಜ್ಜಿ. ಅಜ್ಜಿ ಅಂದರೆ ಎಲ್ಲಿ ಏನು ಎಂದು ಯಾರಿಗೂ ಗೊತ್ತಿರಲಿಲ್ಲ, ಹೀಗಾಗಿ ಅದು ಹೆಸರಾಯಿತು. ಳಕಾರ ಆ ಜನರ ನಾಲಿಗೆಗೆ ಬರುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ಸಾಲ್ವತೋರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಇರಲಿ ಬಿಡು, ಜನ ಬರುತ್ತಾರೆ ಎಂದ. ಜನ ಬಂದರು. ಸಾಲ್ವತೋರೆ ಸತ್ತ. ನಗೆಯಾಡಿದವನು ಹೋದ ಮೇಲೆ ನಗೆ ಮಾತ್ರ ಉಳಿಯಿತು, ಅದನ್ನು ಯಾರೂ ನಗೆಯೆಂದು ತಿಳಿಯಲಿಲ್ಲ.

ಆಮೇಲೆ ಟೀವಿ ಬಂತು. ಟೊಮೇಟೊ ಸಾಸಿನ ಶೀಶೆ ಬಂತು, ಅದರ ಮೇಲೆ ತಲೆಗೆ ಕರಿಯ ವಸ್ತ್ರ ಕಟ್ಟಿದ, ಯಾರೂ ಅಲ್ಲದ ಒಬ್ಬ ಮುದುಕಿಯ ಚಿತ್ರ ಬಂತು. ನೀವು ಎಲ್ಲಿಯವರು ಎಂದು ಕೇಳಿದಾಗ ಮೌಳಿ "ದಕ್ಷಿಣದವನು" ಎನ್ನುತ್ತಿದ್ದ. ಯಾವ ದೇಶದ ದಕ್ಷಿಣವೆಂದು ಒಬ್ಬರಾದರೂ ಕೇಳಿದ್ದರೆ ಹೇಳುತ್ತಿದ್ದನೇನೋ. ಕೇಳಲಿಲ್ಲ. ಇಟಲಿಯ ಕೆಳಗಿನವರು ಸ್ವಲ್ಪ ಕಪ್ಪಗಿರುತ್ತಾರೆಂದು ಅವರೇ ಸಮಾಧಾನ ಮಾಡಿಕೊಂಡರು, ಜಾನಕಿಯನ್ನು ಕಂಡಾಗಲೂ ಹಾಗೆಯೇ. ಅವನ ಕೀರ್ತಿಯೆಲ್ಲ ಕಟ್ಟುನಿಟ್ಟಿನದು. ಪಾಸ್ತಾಕ್ಕೆ ಕೆನೆ ಸುರಿಯುವವರನ್ನು, ಕೋಳಿ ಹಾಕುವವರನ್ನು ಟೀವಿಯಲ್ಲಿ ಅವನು ಗದರಿಸುತ್ತಿದ್ದ, ಜನ ಅದನ್ನೇ ನೋಡಲು ಕೂರುತ್ತಿದ್ದರು. ಇಂಥವನು ನಾಲ್ಕು ಜನರೆದುರು ಒಂದು ಎಸಳು ಕೊತ್ತಂಬರಿ ಮುಟ್ಟುವ ಹಾಗಿರಲಿಲ್ಲ. ಮನೆಯಲ್ಲಿ ರೊಟ್ಟಿ ತಿಂದು ಹೋಟೆಲಿಗೆ ಹೋಗುವ ಮುಂಚೆ ಮೂರು ಸಲ ಕೈ ತೊಳೆಯುತ್ತಿದ್ದ. ಸಿಯಾಟಲ್‌ನ ಕನ್ನಡದವರು ಹೋಟೆಲಿಗೆ ಬಂದರೆ ಒಳಗಿಂದಲೇ ಕೈ ಬೀಸುತ್ತಿದ್ದ. ಅವರು, ದೊಡ್ಡ ಮನುಷ್ಯನಾದ, ಸೊಕ್ಕು ಬಂತು ಅಂದುಕೊಂಡರು. ಅದು ಸೊಕ್ಕಲ್ಲ, ಹೆದರಿಕೆ.

ಈಗ ಮೆಗನ್ ಬಂದಿದ್ದಳು. ಇಷ್ಟು ದಿನದ್ದು ಸಿಯಾಟಲ್‌ನ ಟೀವಿ, ಮೆಗನ್‌ಳದು ದೇಶಕ್ಕೆಲ್ಲ ತೋರಿಸುವ ಟೀವಿ. ಮೊದಲ ಕಂತು ಮೌಲಿಯ ಮನೆಯಲ್ಲೇ ಆಗಬೇಕು, ನೊನ್ನಾ ಅಜ್ಜಿಯ ಕೈಪಾಸ್ತಾದ ಮೇಲೆಯೇ ಆಗಬೇಕು ಎಂದು ಅವಳ ಹಟ. ಹಿಟ್ಟಿನಲ್ಲಿ ಆಡುವ ಮುದುಕಿಯ ಎರಡು ಕೈ ಹತ್ತಿರದಿಂದ ಕಾಣಬೇಕು, ಹಿನ್ನೆಲೆಯಲ್ಲಿ ಮೌಲಿಯ ದನಿ ಕೇಳಬೇಕು. ಅದಕ್ಕೆಂದೇ ಹತ್ತಿರದ ಟಕೋಮಾ ಊರಿನಿಂದ ಒಬ್ಬ ಮುದುಕಿ ನಟಿಯನ್ನು ಗೊತ್ತು ಮಾಡಿದ್ದಳು. ಆ ನಟಿ ಬೆಳಿಗ್ಗೆ ಫೋನು ಮಾಡಿ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿದೆ ಎಂದಳು.

ಮೆಗನ್ ತಲೆ ಹಿಡಿದುಕೊಂಡು ಹಿತ್ತಲ ಅಟ್ಟಣೆಗೆ ಹೋದಳು. ಮೌಳಿ ಹಿಂದೆಯೇ ಹೋದ. ಎದುರಿಗೆ ದೇವದಾರುಗಳು, ಕೆಳಗೆ ಹೈವೇಯ ಮೊರೆತ. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಒಳಗೆಲ್ಲೋ ಹಗುರವೂ ಆಗಿತ್ತು. ಹೇಳಿದರೆ ಈ ಮನೆಯಲ್ಲಿ ಮತ್ತೆ ಒಗ್ಗರಣೆ ಚಟಪಟ ಎನ್ನುತ್ತದೆ ಎಂಬ ವಿಚಾರವೊಂದು, ಯಾಕೋ ಏನೋ, ಎಲ್ಲಕ್ಕಿಂತ ಮುಂದೆ ಬಂದು ನಿಂತಿತು.

"ಮೆಗನ್, ಅಜ್ಜಿಯ ವಿಷಯ ನಿಮಗೊಂದು ಹೇಳಬೇಕು," ಎಂದ.

ಮೆಗನ್ ಅವನನ್ನು ನೋಡುತ್ತಿರಲಿಲ್ಲ. ಗಾಜಿನ ಬಾಗಿಲಿನಾಚೆ ಅಡುಗೆಮನೆಯನ್ನು ನೋಡುತ್ತಿದ್ದಳು. ಅಲ್ಲಿ ವಿಜಯಮ್ಮ ಮೇಜಿನ ಮುಂದೆ ಕೂತಿದ್ದರು. ನಾದಿ ಮುಚ್ಚಿಟ್ಟಿದ್ದ ರವೆ ಹಿಟ್ಟು ಗಟ್ಟಿಯಾಗುತ್ತಿರುವುದನ್ನು ನೋಡಲಾರದೆ, ಕೈ ತೊಳೆದುಕೊಂಡು ಬಂದು ಕೆಲಸ ಶುರು ಮಾಡಿಬಿಟ್ಟಿದ್ದರು. ಎಡಗೈಯಲ್ಲಿ ಹಿಟ್ಟಿನ ಎಳೆ, ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಸೌತೆಬೀಜದಂಥ ಚೂರುಗಳು ಪಟಪಟನೆ ತಟ್ಟೆಗೆ ಉದುರುತ್ತಿದ್ದವು. ಕ್ಯಾಮೆರಾದ ಹುಡುಗಿ, ಏಣಿಯವನು, ಎಲ್ಲರೂ ಸುತ್ತ ನಿಂತಿದ್ದರು.

"ಎಲ್ಲಿ ಕಲಿತರು ಆಕೆ ಇದನ್ನು?" ಎಂದಳು ಮೆಗನ್.

"ನನ್ನ ಅಜ್ಜಿಯಿಂದ," ಎಂದ ಮೌಳಿ. ಅದೂ ಅಪ್ಪಟ ಸತ್ಯ. ಸೊಸೆಯಾಗಿ ಬಂದ ವರ್ಷ ಅತ್ತೆಯೇ ವಿಜಯಮ್ಮನಿಗೆ ಗೌಲಿ ಕಲಿಸಿದ್ದು.

"ಅಜ್ಜಿಯ ವಿದ್ಯೆಯನ್ನು ನೀವು ಮನೆಯ ಕೆಲಸದವರಿಗೂ ಕಲಿಸಿದ್ದೀರಿ," ಎಂದಳು ಮೆಗನ್. ಅವಳ ಕಣ್ಣು ತುಂಬಿದ್ದವು. "ಎಷ್ಟು ದೊಡ್ಡ ಮನಸ್ಸು, ಚೆಫ್."

ಮೌಳಿಗೆ ತನ್ನ ಮಾತು ಕಣ್ಣೆದುರಿಗೇ ಮಗುಚಿಕೊಂಡದ್ದು ಕಂಡಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಮೆಗನ್ ಒಳಗೆ ಓಡಿದ್ದಳು. ಅವನೂ ಓಡಿದ. ಆಗಲೇ ಮಹಡಿಯ ಮೆಟ್ಟಿಲಿಂದ ಅಕ್ಷಯಾ, "ಅಜ್ಜಿ, ಹ್ಯಾವ್ ಯು ಸೀನ್ ಮೈ ಚಾರ್ಜರ್?" ಎಂದು ಕೂಗಿದಳು. "ನನ್ನ ಹಾಸಿಗಿ ಕಡೆ ನೋಡವಾ," ಎಂದರು ವಿಜಯಮ್ಮ, ಕೈ ನಿಲ್ಲಿಸದೆ.

"ಇವರನ್ನೂ ಅಜ್ಜಿ ಅನ್ನುತ್ತಾಳಾ ನಿಮ್ಮ ಮಗಳು?" ಎಂದು ಮೆಗನ್ ಕೇಳಿದಳು.

ಎಲ್ಲರೂ ಅವನನ್ನು ನೋಡುತ್ತಿದ್ದರು. ಜಾನಕಿಯೂ.

"ನಮ್ಮಲ್ಲಿ ವಯಸ್ಸಾದವರಿಗೆಲ್ಲ ಹಾಗೆ ಅನ್ನುತ್ತೇವೆ," ಎಂದ ಮೌಳಿ. ಅಂದ ಮೇಲೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದೂ ಸುಳ್ಳಲ್ಲ. ಇಷ್ಟು ವರ್ಷ ಸುಳ್ಳು ಹೇಳದೆ ಹೇಳದೆ ಅವನು ಎಂಥ ಸುಳ್ಳುಗಾರನಾಗಿದ್ದನೆಂದರೆ, ಈಗ ನಿಜ ಹೇಳಲು ಬಾಯಲ್ಲಿ ಬೇರೆ ಮಾತೇ ಉಳಿದಿರಲಿಲ್ಲ. ಜಾನಕಿ ಕೈಯಲ್ಲಿದ್ದ ಅರಿವೆಯನ್ನು ಹಿಂಡಿ, ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

ಕೆಲಸ ಭರದಿಂದ ಸಾಗಿತು. ವಿಜಯಮ್ಮನ ಸೀರೆಯ ಮೇಲೆ ಕರಿಯ ತುಂಬುತೋಳಿನ ಅಂಗಿ ತೊಡಿಸಿದರು. ಮುಖ ಕಾಣುವುದಿಲ್ಲ, ಕೈ ಮಾತ್ರ ಎಂದರು. ಮಗನಿಗೆ ಅನುಕೂಲವಾಗುತ್ತದೆ ಎಂದುಕೊಂಡು ವಿಜಯಮ್ಮ ಮದುಮಗಳ ಹಾಗೆ ತೋಳು ಚಾಚಿ ಕೂತರು. ದೀಪ ಹತ್ತಿತು, ಎಲ್ಲರೂ ಸುಮ್ಮನಾದರು, ಬೆರಳು ಆಡತೊಡಗಿದವು. ಆಗ ಸದ್ದು ಆಲಿಸಲೆಂದು ಕಿವಿಗೆ ಯಂತ್ರ ಹಾಕಿಕೊಂಡಿದ್ದವನು ಕೈಯೆತ್ತಿದ. ಏನೋ ಕಿಣಿಕಿಣಿ ಅನ್ನುತ್ತಿದೆ ಎಂದ.

ಅದು ವಿಜಯಮ್ಮನ ಬಳೆ. ಹಸಿರು ಗಾಜಿನ ಬಳೆ, ಹೊರಡುವ ಮುಂಚೆ ಗದಗಿನ ಬಳೆಗಾರನ ಹತ್ತಿರ ಕೈತುಂಬ ಇಡಿಸಿಕೊಂಡು ಬಂದದ್ದು. ತೋಳಿನೊಳಕ್ಕೆ ಮೇಲೆ ಸರಿಸಿ ನೋಡಿದರು. ಸದ್ದು ಹೋಗಲಿಲ್ಲ, ತೋಳು ಉಬ್ಬಿ ಕಂಡಿತು.

"ತೆಗೆಯಲು ಹೇಳಿ, ಚೆಫ್," ಎಂದಳು ಮೆಗನ್. "ಮುಗಿದ ಕೂಡಲೇ ಹಾಕಿಕೊಳ್ಳಲಿ."

ಮೌಳಿ ತಾಯಿಯ ಮುಂದೆ ಮೊಣಕಾಲೂರಿ ಕೂತ. ಈ ಮಾತನ್ನು ಕನ್ನಡಕ್ಕೆ ತರುವುದು ಅವನಿಂದ ಆಗುತ್ತಿರಲಿಲ್ಲ. ಗಂಡ ಬದುಕಿರುವ ಹೆಂಗಸಿಗೆ, ಅದೂ ಹೆತ್ತ ತಾಯಿಗೆ, ಬಳೆ ತೆಗೆ ಎಂದು ಯಾವ ಮಗ ಹೇಳುತ್ತಾನೆ? ಹೇಳಬಾರದ ಮಾತಿಗಿಂತ ಹೇಳದೆ ಬಿಟ್ಟ ಮಾತೇ ಸುಲಭವೆಂದು ಅವನಿಗೆ ಆಗ ತೋರಿತು.

"ಅವ್ವಾ, ಇವರೆಲ್ಲಾ ನಾ ಇಟಲಿಯಾಂವ ಅಂತ ತಿಳಕೊಂಡಾರ."

"ಯಾರು?"

"ಎಲ್ಲಾರೂ. ಊರ ತುಂಬ. ಅಜ್ಜಿ ಅಂದ್ರ ನಮ್ಮ ಅಜ್ಜಿ ಅಲ್ಲ, ಇಟಲ್ಯಾಗಿನ ಯಾವಾಕೋ ಮುದುಕಿ ಅಂತ. ಪೇಪರಿನ್ಯಾಗ ಹಂಗ ಬಂತು, ನಾ ಅಲ್ಲ ಅನ್ನಲಿಲ್ಲ."

ವಿಜಯಮ್ಮ ಬೆರಳಿಗೆ ಅಂಟಿದ್ದ ಹಿಟ್ಟನ್ನು ನಿಧಾನವಾಗಿ ತೆಗೆದರು. "ಮತ್ತ ನಾ ಯಾರಂತ?"

"ಮನಿ ಕೆಲಸದಾಕಿ ಅಂತ ತಿಳಕೊಂಡಾರ."

"ನೀ ಏನಂದಿ?"

"ನಾ ಏನೂ ಅನ್ನಲಿಲ್ಲವ್ವಾ."

ವಿಜಯಮ್ಮನಿಗೆ ನೋವಾಯಿತು. ಮುಖ ಬಾಡಿದ್ದು ಸುತ್ತ ನಿಂತ ಆ ಪರದೇಶದವರಿಗೂ ಕಂಡಿತು, ದಣಿದಿರಬೇಕೆಂದು ಯಾರೋ ನೀರು ತಂದಿಟ್ಟರು. ಅವರು ಕುಡಿಯಲಿಲ್ಲ.

"ಈಗ ಹೇಳಿಬಿಡ್ತೀನಿ," ಎಂದ ಮೌಳಿ. "ನೀ ಬಳಿ ತಗೀಬ್ಯಾಡ. ಎದ್ದ ನಿಂದರು. ಈಕಿ ನಮ್ಮವ್ವ ಅಂತ ಹೇಳ್ತೀನಿ."

"ಹೇಳಿದ್ರ ಏನಾಕ್ಕೈತಿ?"

"ಟೀವಿ ಹೊಕ್ಕೈತಿ. ಹೋಟೆಲ್ಲೂ ಹೋಗಬಹುದು. ಇಷ್ಟ ದಿನಾ ಮೋಸ ಮಾಡಿದಾ ಅಂತಾರ."

"ಪೇಪರಿನ್ಯಾಗ ಬರ್ತೈತೇನು, ಮೋಸ ಮಾಡಿದಾ ಅಂತ?"

"ಬರಬಹುದು."

"ಗದಗಿನ್ಯಾಗೂ?"

ಈಗೆಲ್ಲ ಫೋನಿನಲ್ಲಿ ಯಾವ ಊರಿನದು ಯಾವ ಊರಿಗೆ ಬರುವುದಿಲ್ಲ?

ವಿಜಯಮ್ಮ ಅಡುಗೆಮನೆಯನ್ನೊಮ್ಮೆ ನೋಡಿದರು, ಬಸವಣ್ಣನ ಫೋಟೊ ಇದ್ದ ಖಾಲಿ ಮೊಳೆಯನ್ನು ನೋಡಿದರು. "ನಿಮ್ಮಪ್ಪಾರು ನಿನ್ನ ಹೆಸರ ತಗೀದ ಎಷ್ಟ ವರ್ಷಾ ಇದ್ರು, ಗೊತ್ತೈತಲ್ಲ? ಅಡಿಗಿ ಮಾಡಾಂವ ಆದ, ಮಾನಾ ಕಳದ ಅಂತಿದ್ರು. ಈಗ ಮುಂಜಾನೆದ್ದ ಬಜಾರಕ್ಕ ಹೊಕ್ಕಾರ, ಫೋನ್ ತೋರಸ್ತಾರ, ನನ್ನ ಮಗಾ ಅಂತ ಅಂತಾರ. ಈ ವಯಸ್ಸಿನ್ಯಾಗ ಅವರ ಬಾಯಿಂದ ಅದನ್ನ ಕಸ್ಕೋಬ್ಯಾಡಪಾ."

"ಅವ್ವಾ..."

"ಏನ ಕೇಳಾಕತ್ತಾಳ ಆಕಿ? ಬಳಿ ತಗೀ ಅಂತಾಳೇನು?"

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ವಿಜಯಮ್ಮ ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟರು.

"ಆಕೆಯ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೀರಿ, ಚೆಫ್," ಎಂದಳು ಮೆಗನ್, ಹಿಂದಿನಿಂದ.

ಗಾಜಿನ ಬಳೆ ಹಾಕುವುದಕ್ಕಿಂತ ತೆಗೆಯುವುದು ಕಷ್ಟ. ವಿಜಯಮ್ಮನ ಗೆಣ್ಣುಗಳು ವಾತಕ್ಕೆ ಊದಿದ್ದವು. ಸೋಪು ಹಚ್ಚಿ, ಹೆಬ್ಬೆರಳು ಒಳಕ್ಕೆ ಮಡಚಿ, ತುಟಿ ಕಚ್ಚಿ ಒಂದೊಂದಾಗಿ ಎಳೆದರು. "ಬ್ಯಾಡವ್ವಾ" ಎಂದು ಮೌಳಿ ಹೇಳಿದ. ಹೇಳುತ್ತಲೇ ಇದ್ದ. ಕೈ ಹಿಡಿದು ತಡೆಯಲಿಲ್ಲ. ಕೊನೆಗೊಂದು ಬಳೆ ಗೆಣ್ಣಿನ ಮೇಲೆ ಟಪ್ಪೆಂದಿತು, ಚೂರು ಸಿಂಕಿಗೆ ಬಿತ್ತು.

"ಒಡೀತಲ್ಲವ್ವಾ," ಎಂದ ಅವನು, ಬಾಯಿ ತಪ್ಪಿ.

"ಹಂಗ ಅನಬಾರದು. ಹೆಚ್ಚಾತು ಅನಬೇಕು," ಎಂದರು ವಿಜಯಮ್ಮ. "ಬಳಿ ಹೆಚ್ಚಾತು ಅನ್ನು."

"ಹೆಚ್ಚಾತು," ಎಂದ ಮಗ.

ಆಮೇಲೆ ಅವರು ಬೋಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ಬರಿಗೈಲೆ ಕೂಡಂಗಿಲ್ಲ ನಾ. ಆಪರೇಶನ್ ಮಾಡಿದಾಗ ದವಾಖಾನ್ಯಾಗೂ ಅರಿಷಿಣದ ದಾರಾ ಕಟಗೊಂಡಿದ್ದೆ. ಎರಡ ಗೇಣ ದಾರಾ ಕೊಡು."

ಆ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ದಾರ. ಬಿಳಿ ನೂಲಿನ ಉಂಡೆ, ಒಲೆಗಿಡುವ ಮುಂಚೆ ಮಾಂಸವನ್ನು ಸುರುಳಿ ಸುತ್ತಿ ಬಿಗಿಯಲು ಇಟಲಿಯವರು ಬಳಸುವಂಥದ್ದು. ತಾಯಿ ಬರುವ ಹಿಂದಿನ ವಾರವಷ್ಟೇ ಅದರಿಂದ ಅವನು ಇದೇ ಕಟ್ಟೆಯ ಮೇಲೆ ಹೋಟೆಲಿನ ಹುಡುಗರಿಗೆ ಹಂದಿಯ ಮಾಂಸ ಕಟ್ಟಿ ತೋರಿಸಿದ್ದ. ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವ ತಾಯಿಗೆ ಅದನ್ನು ಹೇಳಲಿಲ್ಲ. ಕತ್ತರಿಯಿಂದ ಎರಡು ಎಳೆ ಕತ್ತರಿಸಿದ. ಜಾನಕಿ ಯಾರೂ ಹೇಳದೆಯೇ ಗ್ಯಾರೇಜಿಗೆ ಹೋಗಿ ಅರಿಷಿಣದ ಡಬ್ಬಿ ತಂದಳು, ಬೋಗುಣಿಯಲ್ಲಿ ಕಲಸಿದಳು, ದಾರ ಅದ್ದಿ ಅತ್ತೆಯ ಎರಡೂ ಮಣಿಕಟ್ಟಿಗೆ ಕಟ್ಟಿದಳು. ಕಟ್ಟಿದವಳೇ ಮಹಡಿ ಹತ್ತಿ ಹೋದಳು.

ಎರಡನೆಯ ಸಲ ಏನೂ ಸದ್ದಾಗಲಿಲ್ಲ. ದೀಪದ ಬೆಳಕಿನಲ್ಲಿ ಕರಿಯ ತೋಳು, ಹಿಟ್ಟಿನ ಕೈ, ಚಕಚಕನೆ ಬೀಳುವ ಗೌಲಿ. ಮೌಳಿ ಪಕ್ಕದಲ್ಲಿ ನಿಂತು, ಮೆಗನ್ ಬೆರಳು ತೋರಿಸಿದಾಗ, ತನ್ನ ಸಾಲು ಹೇಳಿದ: "ಇವು ನನ್ನ ಅಜ್ಜಿಯ ಕೈಗಳು. ನಾನು ಕಲಿತದ್ದೆಲ್ಲ ಇವುಗಳಿಂದ." ಅವನ ದನಿ ಒಡೆಯಿತು. ಮೆಗನ್ ಅದನ್ನು ಮತ್ತೆ ಹೇಳಿಸಲಿಲ್ಲ, ಹಾಗೆಯೇ ಇರಲಿ ಎಂದಳು. ವಿಜಯಮ್ಮ ಮಾತ್ರ 'ಅಜ್ಜಿ' ಎಂದು ಕೇಳಿದಾಗ ಈ ಸಲ ತಲೆಯೆತ್ತಲಿಲ್ಲ.

ಎಲ್ಲರೂ ವೈರು ಸುತ್ತಿಕೊಂಡು ಹೋದ ಮೇಲೆ ಮೌಳಿ ಮೇಲಕ್ಕೆ ಹೋದ. ಜಾನಕಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ಇವತ್ತು ಹೇಳ್ತೀನಿ ಅಂದಿದ್ರಿ."

"ಹೇಳ್ದೆ."

"ಯಾರಿಗೆ?"

"ಅವ್ವನಿಗೆ."

"ನೀವು ಅವ್ರ ಮಗ ಅಂತ ಅವ್ರಿಗೆ ಮೊದಲೇ ಗೊತ್ತಿತ್ತಲ್ಲ, ಮೌಳಿ," ಎಂದಳು ಜಾನಕಿ. ಇನ್ನು ಹೇಳುವ ಹಾಗಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಈಗ ಹೇಳಿದರೆ ಆ ಬಳೆ ಸುಮ್ಮಸುಮ್ಮನೆ ಹೆಚ್ಚಾದಂತಾಗುತ್ತಿತ್ತು.

ದೀಪಾವಳಿ ಮುಗಿಸಿಕೊಂಡು ವಿಜಯಮ್ಮ ಊರಿಗೆ ಹೋದರು. ಇನ್ನೂ ಮೂರು ತಿಂಗಳು ಇರಬಹುದಾಗಿತ್ತು, ಇರಲಿಲ್ಲ. ಹೋಗುವಾಗ ಆ ಎರಡು ದಾರಗಳನ್ನು, ಬಿಸಾಡಬಾರದೆಂದು, ಹಿತ್ತಲ ಗುಲಾಬಿ ಗಿಡಕ್ಕೆ ಕಟ್ಟಿದರು.

ವಸಂತದಲ್ಲಿ ಕಂತು ದೇಶಕ್ಕೆಲ್ಲ ಕಂಡಿತು. ಜನಕ್ಕೆ ಆ ಕೈಗಳು ಹುಚ್ಚು ಹಿಡಿಸಿದವು. ಕರಿಯ ತೋಳಿನಂಚಿನಲ್ಲಿ ಇಣುಕುವ ಹಳದಿ ದಾರ ಏನು ಎಂದು ಸಾವಿರಾರು ಮಂದಿ ಕೇಳಿದರು. ಮೆಗನ್ ಮೌಳಿಗೆ ಫೋನು ಮಾಡಿ ಕೇಳಿದಳು. ಮದುವೆಯಾದ ಹೆಂಗಸರು ಗಂಡನ ಆಯುಷ್ಯಕ್ಕೆಂದು ಕಟ್ಟಿಕೊಳ್ಳುವುದು, ನಮ್ಮ ದಕ್ಷಿಣದಲ್ಲಿ, ಎಂದ ಅವನು. ಎಂದಿನಂತೆ ನಿಜವನ್ನೇ ಹೇಳಿದ. ಸಾಸಿನ ಕಂಪನಿಯವರಿಗೆ ಅದು ಬಹಳ ಹಿಡಿಸಿತು. ಮುಂದಿನ ಸರಕು ಬಂದಾಗ ಪ್ರತಿ ಶೀಶೆಯ ಕೊರಳಲ್ಲೂ ಒಂದೊಂದು ಹಳದಿ ದಾರ ಇತ್ತು. ಕೇಸರಿಯಲ್ಲಿ ಅದ್ದಿದ್ದು, ನೊನ್ನಾ ಅಜ್ಜಿಯ ಹಳ್ಳಿಯ ಪದ್ಧತಿ ಎಂದು ಚೀಟಿಯಲ್ಲಿ ಬರೆದಿತ್ತು.

ಒಂದು ಶನಿವಾರ ಇಸ್ಸಾಕ್ವಾದ ದೊಡ್ಡ ಅಂಗಡಿಯಲ್ಲಿ ಅವನನ್ನು ಮೇಜು ಹಾಕಿ ನಿಲ್ಲಿಸಿದರು. ಕೊಂಡವರ ಶೀಶೆಗೆ ಚೆಫ್ ಮೌಲಿ ತನ್ನ ಕೈಯಾರೆ ದಾರ ಕಟ್ಟಿಕೊಡುತ್ತಾನೆಂದು ಬೋರ್ಡು ಹಾಕಿದ್ದರು. ಸಾಲು ಬಾಗಿಲವರೆಗೆ ಬೆಳೆದಿತ್ತು. ಮೌಳಿ ಮುಗುಳ್ನಗುತ್ತ, ಕೈ ಆಡಿಸುತ್ತ, ಕಟ್ಟುತ್ತ ಹೋದ. ಒಂದು ಗಂಟು ಸಾಕಾಗಿತ್ತು. ಅವನ ಬೆರಳು, ಅವನು ಹೇಳದೆಯೇ, ಮೂರು ಹಾಕುತ್ತಿದ್ದವು.

"ಯವ್ವಾ, ಇದೇನ ಇದು, ಶೀಸೆಕ್ಕ ತಾಳಿ ಕಟ್ಟಾಕತ್ತಾನಲ್ಲ ಇಂವಾ," ಎಂದಿತು ಒಂದು ದನಿ.

ಮೌಳಿಯ ಕೈ ನಿಂತಿತು. ಸಾಲಿನಲ್ಲಿ ಸಣ್ಣ ವಯಸ್ಸಿನ ಗಂಡಹೆಂಡಿರ ಜೊತೆ, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡ ಮುದುಕಿಯೊಬ್ಬಳು ನಿಂತಿದ್ದಳು. ಸೊಸೆ ನಾಚಿ ಅವಳ ತೋಳು ಜಗ್ಗುತ್ತಿದ್ದಳು. ಕೋಟಿನ ತೋಳಿನಿಂದ ಹೊರಬಂದ ಕೈಗಳಲ್ಲಿ ಹಸಿರು ಬಳೆ ತುಂಬಿದ್ದವು. ಅವನ ಎದೆಯಲ್ಲಿದ್ದದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಅಜ್ಜಿ," ಎಂದ ಮೌಳಿ.

ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನವರಾರೋ ಅದೇ ಶಬ್ದವನ್ನು ಕೂಗಿ ಶೀಶೆ ಎತ್ತಿ ಹಿಡಿದರು. ಅಂಗಡಿಯ ಹುಡುಗಿ ಫೋಟೊ ತೆಗೆದಳು.

"ಏನಪಾ," ಎಂದಳು ಮುದುಕಿ, ಅವನ ಮುಖವನ್ನೇ ನೋಡುತ್ತ.

ಅವಳು ಕಾಯುತ್ತ ನಿಂತಳು. ಮೌಳಿ ತಲೆ ತಗ್ಗಿಸಿ, ಕೈಯಲ್ಲಿದ್ದ ಶೀಶೆಯ ಕೊರಳಿಗೆ ಮೂರನೆಯ ಗಂಟು ಹಾಕಿ, ಅದನ್ನು ಅವಳ ಬಳೆಗೈಯಲ್ಲಿ ಇಟ್ಟ.